ಕಾಲಿಗೆ ಕಟ್ಟಿದ ತೊಗಲು

ಶಿವಲಿಂಗವ್ವ ಮೊಣಕಾಲಿನವರೆಗೆ ತೊಗಲು ಕಟ್ಟಿಕೊಂಡು ಜೋಳ ಕೊಯ್ಯಲು ಬಂದದ್ದನ್ನು ಕಂಡು ಅವಳ ಮಾವ ಗುರುಲಿಂಗಪ್ಪ ಅವಳನ್ನು ಬದುವಿನ ಮೇಲೆಯೇ ತಡೆದು ನಿಲ್ಲಿಸಿದ.

"ಏನದು ಕಾಲಾಗ?"

"ತೊಗಲರಿ ಮಾವಾರ. ಹಾವಿನ ಅಂಜಿಕಿ."

ಬಾವಿಯಿಂದ ನೀರೆತ್ತುವ ಹಳೆಯ ತೊಗಲಿನ ಚೀಲ ಹರಿದು ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನು ಕತ್ತರಿಸಿ, ಎಣ್ಣೆ ತಿಕ್ಕಿ ಮೆದು ಮಾಡಿ, ದಬ್ಬಳದಿಂದ ತೂತು ಹಾಕಿ, ಪುಂಡಿನಾರಿನ ಹುರಿಯಿಂದ ಬಿಗಿದುಕೊಂಡಿದ್ದಳು. ಪಾದದ ಮೇಲೂ ಒಂದು ತುಂಡು ಇಳಿಬಿಟ್ಟಿದ್ದಳು. ನೋಡಲು ಚೆಂದವೇನೂ ಇರಲಿಲ್ಲ. ಆದರೆ ಹಿಂದಿನ ಸುಗ್ಗಿಯಲ್ಲಿ ಇದೇ ಹೊಲದಲ್ಲಿ ಅವಳ ನೆಗೆಣ್ಣಿ, ಆ ಮನೆಯ ಇನ್ನೊಬ್ಬ ಸೊಸೆ ಸಂಗವ್ವನ ಮೀನಖಂಡಕ್ಕೆ ಕೊಳಕಮಂಡಲ ಹಾವು ಕಚ್ಚಿತ್ತು. ಗುರುಲಿಂಗಪ್ಪ ಮೊದಲು ಮಂತ್ರ ಹಾಕುವವನನ್ನು ಕರೆಸಿದ. ಅವನು ಬೀಸಿದ ಬೇವಿನ ಸೊಪ್ಪು ಬಾಡಿ, ಕಾಲು ಬಾತು ಕಪ್ಪಿಟ್ಟ ಮೇಲೆ ಜತ್ತದ ದವಾಖಾನೆಗೆಂದು ಗಾಡಿ ಹೂಡಿಸಿದ. ಗಾಡಿ ಅರ್ಧ ದಾರಿಯಿಂದಲೇ ತಿರುಗಿ ಬಂತು. ಬರುವಾಗ ಸಂಗವ್ವನ ತಲೆ ಶಿವಲಿಂಗವ್ವನ ತೊಡೆಯ ಮೇಲಿತ್ತು.

ಕುಣಿಕೋಣೂರಿನಲ್ಲಿ ಗುರುಲಿಂಗಪ್ಪನೆಂದರೆ ಮಂದಿ ಎದ್ದು ನಿಂತು ಮಾತಾಡಿಸುತ್ತಿದ್ದರು. ಅವನ ಕೆರವು ಎಷ್ಟು ದಪ್ಪವೆಂದರೆ, ಅವನು ಅಗಸಿ ದಾಟುವ ಮೊದಲೇ ಅವುಗಳ ಕಿರುಗುಟ್ಟುವ ಸದ್ದು ಮನೆ ಮುಟ್ಟುತ್ತಿತ್ತು. ಹೆಂಗಸು ಹಿರಿಯರೆದುರು ಕಾಲಿಗೆ ಏನಾದರೂ ಮೆಟ್ಟಿದರೆ ಮನೆತನ ಮುಳುಗಿತೆಂದು ಅವೇ ಕೆರವಿನ ಮೇಲೆ ನಿಂತು ಹೇಳುತ್ತಿದ್ದ.

"ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು, ನಮ್ಮನಿ ಸೊಸಿ ಬೂಟು ಮೆಟ್ಟಿ ಫೌಜದಾರ ಆದ್ಳು," ಎಂದು ಕೂಲಿಗೆ ಬಂದಿದ್ದ ಹೆಂಗಸರ ಕಡೆ ನೋಡಿ ನಕ್ಕ. ಅವರೂ ಸೆರಗು ಬಾಯಿಗೊತ್ತಿ ನಕ್ಕರು. ಸಾವಕಾರ ನಕ್ಕಾಗ ನಗದಿದ್ದರೆ ನಾಳೆ ಕೆಲಸಕ್ಕೆ ಕರೆಯುವವರಾರು? "ಸತ್ತ ಎಮ್ಮಿ ತೊಗಲು ಕಟಗೊಂಡು ಭೂಮಿತಾಯಿ ಮ್ಯಾಲ ಕಾಲಿಡತಿ? ಮೈಲಿಗಿ ಅನ್ನೂದು ಗೊತ್ತೈತಿಲ್ಲೋ? ಬಿಚ್ಚು."

ಶಿವಲಿಂಗವ್ವ ಅಲ್ಲಿಯವರೆಗೆ ಮಾವನಿಗೆ ಎದುರಾಡಿದವಳಲ್ಲ. ಸೆರಗು ಮುಂದಕ್ಕೆಳೆದುಕೊಂಡು, ನೆಲ ನೋಡುತ್ತಲೇ ಅಂದಳು: "ಇದ ತೊಗಲಿನ್ಯಾಗ ಎತ್ತಿದ ನೀರು ಕುಡದೇವ್ರಿ. ನೀವೂ ಕುಡದೀರಿ. ಆವಾಗ ಇಲ್ಲದ ಮೈಲಿಗಿ ಈಗ ಎಲ್ಲಿಂದ ಬಂತ್ರಿ?"

ಕೂಲಿ ಹೆಂಗಸರ ನಗೆ ನಿಂತಿತು. ಅವಳ ಗಂಡ ಸೋಮನಿಂಗಪ್ಪ ಪಕ್ಕದಲ್ಲೇ ಇದ್ದ. ಮೀಸೆ ಬಿಡುವುದಕ್ಕೂ ಅಪ್ಪನ ಅಪ್ಪಣೆ ಕೇಳಿದ್ದ ಮನುಷ್ಯ. "ಬಿಚ್ಚಬಾರದ? ಯಾಕ ಸುಮ್ನ ತಕರಾರು?" ಎಂದ.

ಅವಳು ಗಂಡನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕುಳಿತು ಹುರಿ ಸಡಿಲಿಸಿ, ಎರಡೂ ತೊಗಲನ್ನು ಬದುವಿನ ಮೇಲಿಟ್ಟಳು. ಏಳಲಿಲ್ಲ.

"ಬಿಚ್ಚೇನ್ರಿ. ಬರಿಗಾಲಿಲೆ ಮಾತ್ರ ನಾ ಈ ಹೊಲಕ್ಕ ಇಳಿಯೂದಿಲ್ಲ."

ಕೂಲಿಗೆ ಬಂದವರಲ್ಲಿ ಹಿರಿಯಳಾದ ಮಲಕವ್ವ ಕುಡುಗೋಲನ್ನು ಉಡಿಯಲ್ಲಿಟ್ಟುಕೊಂಡು ಅವಳ ಪಕ್ಕಕ್ಕೆ ಕುಳಿತಳು. "ನನಗೂ ಮಕ್ಕಳದಾವ್ರಿ ಸಾವಕಾರ," ಎಂದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿ, ಒಬ್ಬೊಬ್ಬರಾಗಿ ಕುಕ್ಕರಿಸಿದರು.

"ಕುಂದ್ರಲಿ. ಗಂಡಸರು ಸತ್ತಿಲ್ಲ," ಎಂದು ಗುರುಲಿಂಗಪ್ಪ ಮಗನ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದ. ಸೋಮನಿಂಗಪ್ಪ ಸಾಲಿನ ಬಾಯಿಯಲ್ಲಿ ನಿಂತು, ಕುಡುಗೋಲಿನ ತುದಿಯಿಂದ ದಂಟು ಸರಿಸಿ ಒಳಗಿಣುಕಿದ. ಒಳಗೆ ಕತ್ತಲು, ಉದುರಿದ ಒಣ ಗರಿಗಳ ರವದಿಯ ರಾಶಿ. ಅವನು ತಿರುಗಿ ಬಂದ.

"ಕುಡಗೋಲು ಮೊಂಡ ಆಗೇತಿ. ಮಸದು ತರತೇನಿ," ಎಂದವನೇ ಊರಿನ ಹಾದಿ ಹಿಡಿದ. ಹೊಸದಾಗಿ ಮಸೆದ ಕುಡುಗೋಲು ಅವನ ಕೈಯಲ್ಲಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಇನ್ನು ಉಳಿದವನು ಗುರುಲಿಂಗಪ್ಪನೊಬ್ಬನೇ. ಮಲಕವ್ವನ ಕುಡುಗೋಲು ಕಸಿದುಕೊಂಡು, ಧೋತರ ಎತ್ತಿ ಕಟ್ಟಿ, ಮೈಲಿಗೆಯಿಲ್ಲದ ಭೂಮಿತಾಯಿಯ ಮೇಲೆ ಕೆರವು ಮೆಟ್ಟಿಯೇ ಹೊರಟ. ಮೊದಲ ದಂಟಿಗೆ ಕೈ ಹಾಕುವಷ್ಟರಲ್ಲಿ ರವದಿಯೊಳಗೆ ಏನೋ ಸರಕ್ಕೆಂದಿತು. ಗಾಳಿಯೋ ಓತಿಕ್ಯಾತವೋ ಯಾರಿಗೂ ಕಾಣಲಿಲ್ಲ. ಆ ಹೊಟ್ಟೆ, ಆ ವಯಸ್ಸು, ಆ ಗತ್ತು ಎಲ್ಲವನ್ನೂ ಹೊತ್ತುಕೊಂಡು ಅವನು ಒಂದೇ ಜಿಗಿತಕ್ಕೆ ಬದುವಿನ ಮೇಲಿದ್ದ. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಾಗಿತ್ತು; ಅದಕ್ಕೂ ಆಸ್ಪದವಾಗಲಿಲ್ಲ.

ತಲೆಗೆ ಸುತ್ತಿದ ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡ. ಆಮೇಲೆ, ಯಾರ ಕಡೆಗೂ ನೋಡದೆ, ಸೊಸೆ ಬಿಚ್ಚಿಟ್ಟ ತೊಗಲನ್ನು ತನ್ನ ಕಡೆ ಎಳೆದುಕೊಂಡ.

"ದಂಟು ಚುಚ್ಚತಾವ. ವಯಸ್ಸಾತು ನೋಡು," ಎಂದ.

ಬಗ್ಗಿ ಹುರಿ ಕಟ್ಟಲು ಹೊಟ್ಟೆ ಬಿಡಲಿಲ್ಲ. ಕಾಲು ಚಾಚಿದ. "ಕಟ್ಟು," ಎಂದ. ಶಿವಲಿಂಗವ್ವ ಕಟ್ಟಿದಳು. ಸಡಿಲ ಬಿಡಬಹುದಾಗಿತ್ತು, ಬಿಡಲಿಲ್ಲ; ಗಂಟಿನ ಮೇಲೆ ಗಂಟು ಹಾಕಿ ಬಿಗಿದಳು. ಸತ್ತ ಎಮ್ಮೆಯ ಸುದ್ದಿಯನ್ನು ಯಾರೂ ತೆಗೆಯಲಿಲ್ಲ.

ಕಾಲು ಭದ್ರವಾದೊಡನೆ ದನಿಯೂ ಭದ್ರವಾಯಿತು. ಎದ್ದು ನಿಂತು, ರುಮಾಲು ಸರಿಪಡಿಸಿಕೊಂಡು ಗುರುಲಿಂಗಪ್ಪ ಹೇಳಿದ: "ಹೂಂ, ಏಳ್ರಿ ಎಲ್ಲಾರೂ. ನೀವು ಮುಂದ ಕೊಯ್ಕೋತ ನಡೀರಿ. ನಾ ಹಿಂದ ನಿಂತು ನೋಡತೇನಿ."

ಹೆಂಗಸರು ಎದ್ದರು. ಶಿವಲಿಂಗವ್ವ ಸಾಲಿನ ಬಾಯಿಯವರೆಗೆ ಹೋಗಿ, ಒಂದು ಬದಿಗೆ ಸರಿದು ನಿಂತಳು. ಅವಳನ್ನು ನೋಡಿ ಮಲಕವ್ವ ಇನ್ನೊಂದು ಬದಿಗೆ ಸರಿದಳು. ನಡುವೆ ದಾರಿ ಬಿಟ್ಟು ಎಲ್ಲರೂ ಸಾಲಾಗಿ ನಿಂತರು.

"ನೀವ ಮುಂದ ನಡೀರಿ ಮಾವಾರ," ಎಂದಳು. "ಕಾಲು ಮುಚ್ಚಿಕೊಂಡವರು ಮುಂದ ಹೋದ್ರ, ಬರಿಗಾಲಿನವರು ಹಿಂದಿಂದ ಬರತೇವಿ."

ಗುರುಲಿಂಗಪ್ಪ ಕುಡುಗೋಲನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಿಸುತ್ತ ಬದುವಿನ ಮೇಲೆಯೇ ನಿಂತಿದ್ದ.