ಏಣಿ ಎಳೆದವಳು

ಒಂದು ಕಾಲನ್ನು ತೊಟ್ಟಿಯೊಳಗೆ ಇಳಿಬಿಟ್ಟು ಏಣಿಯ ಮೊದಲ ಮೆಟ್ಟಿಲು ತಡವುತ್ತಿದ್ದ ತಮ್ಮ. ಅಕ್ಕ ಓಡಿಬಂದು ಅವನ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದಳು. ಅವನು ಅಂಗಾತ ಬಿದ್ದ. ಸಾವರಿಸಿಕೊಂಡು ಏಳುವಷ್ಟರಲ್ಲಿ ಅವಳು ಅಲ್ಯೂಮಿನಿಯಂ ಏಣಿಯನ್ನು ಮೇಲಕ್ಕೆಳೆದು, ನೆಲಕ್ಕೆ ಕೆಡವಿ, ಅದರ ಮೇಲೆ ಕೂತುಬಿಟ್ಟಿದ್ದಳು.

"ಅಕ್ಕಾ, ತಲೆ ಕೆಟ್ಟಿದೆಯಾ ನಿಂಗೆ? ಒಳಗೆ ಲಂಬು ಬಿದ್ದಿದಾನೆ!"

"ಗೊತ್ತು."

"ಏಣಿ ಕೊಡು."

"ಕೊಡಲ್ಲ."

ರದ್ದಿ ಕಾಗದ ಕರಗಿಸಿ ರಟ್ಟು ಮಾಡುವ ಕಾರ್ಖಾನೆ ಅದು. ಯಂತ್ರ ಕೆಟ್ಟು ಒಂದು ವಾರ ಕೆಲಸ ನಿಂತಿತ್ತು. ನೆಲದಡಿಯ ತೊಟ್ಟಿಯಲ್ಲಿದ್ದ ಕಾಗದದ ತಿರುಳು ಕೊಳೆತು ಗಬ್ಬೆದ್ದಿತ್ತು. ತಳದ ಕೊಳವೆ ಕಟ್ಟಿಕೊಂಡಿದೆಯೆಂದು ಬಿಡಿಸಲು ಇಳಿದ ಲಂಬು (ಆಳು ಉದ್ದ, ಅದಕ್ಕೇ ಆ ಹೆಸರು) ಮೊಣಕಾಲುದ್ದ ತಿರುಳಿನಲ್ಲಿ ಎರಡು ಹೆಜ್ಜೆ ಇಟ್ಟವನು ಒಂದು ಮಾತೂ ಆಡದೆ ಕುಸಿದಿದ್ದ. ಕೊಳೆತ ತಿರುಳಿನ ಗಾಳಿಯೇ ಹಾಗೆ. ಮೊದಲು ಮೂಗು ಸಾಯುತ್ತದೆ. ನಾತ ಹೋಯಿತಲ್ಲ ಎಂದು ಮನುಷ್ಯ ಧೈರ್ಯವಾಗಿ ಇನ್ನೊಂದು ಉಸಿರು ಎಳೆದುಕೊಳ್ಳುತ್ತಾನೆ.

ಇದು ಅಕ್ಕನಿಗೆ ಗೊತ್ತಿದ್ದಷ್ಟು ಅಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಅವರಪ್ಪ ಇದೇ ಶೆಡ್ಡಿನ ಮೇಸ್ತ್ರಿಯಾಗಿದ್ದರು. ಮೈಮುರಿದು ದುಡಿದ ಜೀವ. ಕೈಕೆಳಗಿನವರೆಲ್ಲ ಊಟಕ್ಕೆ ಕೂತ ಮೇಲೆಯೇ ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಸಂಜೆ ಗೇಟಿನಲ್ಲಿ ನಿಂತು ತಲೆ ಎಣಿಸುತ್ತಿದ್ದರು. ಒಬ್ಬ ಕಡಿಮೆ ಬಿದ್ದರೂ ಮನೆ ಕಡೆ ಮುಖ ಮಾಡುತ್ತಿರಲಿಲ್ಲ. "ಒಳಗೊಬ್ಬನ್ನ ಬಿಟ್ಟು ಮನೆಗೆ ಹೋದ್ರೆ ಗಂಟಲಲ್ಲಿ ತುತ್ತು ಇಳಿಯುತ್ತೇನೋ?" ಎನ್ನುತ್ತಿದ್ದರು. ಒಂದು ದಿನ ಇದೇ ತೊಟ್ಟಿಯಲ್ಲಿ ಒಬ್ಬ ಬಿದ್ದ. ಅಪ್ಪ ಹಿಂದುಮುಂದು ನೋಡದೆ ಇಳಿದರು. ಮೇಲೆ ಬಂದದ್ದು ಎರಡು ಹೆಣ. ಆಗಿನ್ನೂ ಮಗುವಾಗಿದ್ದ ತಮ್ಮನಿಗೆ ಅಮ್ಮ ಆ ಕಥೆಯನ್ನು ತುತ್ತಿನ ಜೊತೆ ಕಲಸಿ ಉಣ್ಣಿಸಿಯೇ ಬೆಳೆಸಿದಳು. ಕಾರ್ಖಾನೆಯವರೇನೂ ಕಡಿಮೆ ಮಾಡಲಿಲ್ಲ. ಅಪ್ಪನ ಫೋಟೋವನ್ನು ಕಚೇರಿ ಗೋಡೆಗೆ ಹಾಕಿದರು. ಮಗಳಿಗೆ ಪಂಪ್ ನೋಡಿಕೊಳ್ಳುವ ಕೆಲಸ ಕೊಟ್ಟರು, ಮಗ ಬೆಳೆದ ಮೇಲೆ ಅವನನ್ನೂ ಸೇರಿಸಿಕೊಂಡರು. ತೊಟ್ಟಿಯೊಳಗೆ ಗಾಳಿ ಊದಲು ಒಂದು ಯಂತ್ರವನ್ನೂ ತಂದರು. ಅದರ ಕೊಳವೆಯನ್ನು ಇಲಿ ಕಡಿದು ಎಷ್ಟು ಕಾಲವಾಯಿತೋ. ಫೋಟೋದ ಧೂಳನ್ನು ಮಾತ್ರ ದಿನವೂ ಒರೆಸುತ್ತಾರೆ.

ಅಕ್ಕ ಸುಮ್ಮನೆ ಕೂತಿರಲಿಲ್ಲ. ಅಗ್ನಿಶಾಮಕದವರಿಗೆ ಆಗಲೇ ಫೋನ್ ಮಾಡಿದ್ದಳು. ಕೂತಲ್ಲಿಂದಲೇ ಕೂಗಾಡಿ, ಆ ಹರಿದ ಕೊಳವೆಗೆ ಗೋಣಿಚೀಲ ಸುತ್ತಿಸಿ ಯಂತ್ರ ಚಾಲೂ ಮಾಡಿಸಿದಳು. ಹಗ್ಗಕ್ಕೆ ಕೊಕ್ಕೆ ಕಟ್ಟಿಸಿ ಇಳಿಬಿಡಿಸಿದಳು. ಕೊಕ್ಕೆ ಲಂಬುವಿನ ಬೆಲ್ಟಿಗೆ ತಗುಲಿ ಜಾರಿತು, ಮತ್ತೆ ತಗುಲಿತು, ಮತ್ತೆ ಜಾರಿತು. ಜಾರಿದಾಗಲೆಲ್ಲ ತಮ್ಮ ತೊಟ್ಟಿಯ ಕಡೆ ನುಗ್ಗಿದ. ಕೊನೆಗೆ ಅವಳು ಏಣಿ ಬಿಟ್ಟೆದ್ದು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು.

"ಬೆಳಿಗ್ಗೆ ನನ್ನ ಜೊತೆ ಟೀ ಕುಡಿದಿದಾನೆ ಕಣಕ್ಕಾ. ಅವನ ಮಗು ಇನ್ನೂ ಅಂಬೆಗಾಲಿಡ್ತಿದೆ."

"ನಂಗೊತ್ತಿಲ್ವೇನೋ?"

"ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಇಳಿದಿರ್ತಿದ್ರು."

"ಇಳಿದಿದ್ದಕ್ಕೇ ಕಣೋ ಅಪ್ಪ ಇಲ್ಲ."

ತಮ್ಮ ಅವಳನ್ನು ದುರುಗುಟ್ಟಿ ನೋಡಿದ. "ನೀನು ಅಪ್ಪನ ಮಗಳೇ ಅಲ್ಲ ಬಿಡು."

ಸುತ್ತ ನಿಂತವರಲ್ಲಿ ಒಂದಿಬ್ಬರು ಹೌದೆಂಬಂತೆ ತಲೆಯಾಡಿಸಿದರು. ಲಂಬು ಬಿದ್ದಾಗ ಮೆಲ್ಲಗೆ ಹಿಂದೆ ಸರಿದು ನಿಂತವರೇ ಅವರು. ಆದರೂ ಆ ಮಾತು ಅಕ್ಕನ ಎದೆಗೆ ನಾಟಿತು. ತಮ್ಮನಿಗೆ ಅಪ್ಪನ ಮುಖವೇ ಸರಿಯಾಗಿ ನೆನಪಿಲ್ಲ. ಅವಳಿಗೆ ಅಪ್ಪನ ಕೈಯ ಒರಟುತನ, ಕೆಮ್ಮು, ಚಪ್ಪಲಿಯ ಸದ್ದು ಎಲ್ಲ ನೆನಪಿತ್ತು. ಅವರ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಳು. ಅಷ್ಟೇ ಸಿಟ್ಟೂ ಇತ್ತು. ದಿನವೂ ತಲೆ ಎಣಿಸುತ್ತಿದ್ದವರು ಅವತ್ತು ತೊಟ್ಟಿಗೆ ಇಳಿಯುವಾಗ, ಮನೆಯಲ್ಲಿ ಕಾಯುತ್ತಿದ್ದ ಮೂರು ತಲೆಗಳು ಅಪ್ಪನಿಗೆ ಲೆಕ್ಕಕ್ಕೇ ಬರಲಿಲ್ಲವಲ್ಲ ಎಂದು ಎಷ್ಟೋ ಸಲ ಒಳಗೊಳಗೇ ಕುದಿದಿದ್ದಳು. ಇದನ್ನು ಅಮ್ಮನ ಮುಂದೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಅಗ್ನಿಶಾಮಕದವರು ಬಂದರು. ಮುಖವಾಡ ಹಾಕಿಕೊಂಡು ಇಳಿದು ಲಂಬುವನ್ನು ಮೇಲೆ ತಂದು ಮಲಗಿಸಿದರು. ಉಸಿರು ನಿಂತು ಹೊತ್ತಾಗಿತ್ತು. "ನಿಮ್ಮಲ್ಲಿ ಯಾರಾದ್ರೂ ಇಳಿದಿದ್ರೆ ಇನ್ನೊಂದು ಸ್ಟ್ರೆಚರ್ ತರಬೇಕಾಗ್ತಿತ್ತು," ಎಂದ ಅವರಲ್ಲೊಬ್ಬ. ತಮ್ಮ ಅದು ತನ್ನ ಕಿವಿಗೆ ಬೀಳಲೇ ಇಲ್ಲವೆಂಬಂತೆ ನಿಂತಿದ್ದ.

ಸುದ್ದಿ ತಿಳಿದು ಲಂಬುವಿನ ಹೆಂಡತಿ ಮಗುವನ್ನು ಕಂಕುಳಲ್ಲಿ ಅವುಚಿಕೊಂಡು ಓಡಿಬಂದಳು. ಗಂಡನ ಮುಖಕ್ಕೆ ಮೆತ್ತಿದ್ದ ತಿರುಳನ್ನು ಸೆರಗಿನಿಂದ ಒರೆಸಿದಳು. ಅಳಲಿಲ್ಲ. ಎದ್ದು ತಮ್ಮನ ಬಳಿ ಬಂದು ಅವನ ಅಂಗಿಯನ್ನು, ಪ್ಯಾಂಟನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು.

"ನಿನ್ನ ಬಟ್ಟೆ ಒದ್ದೆಯೇ ಆಗಿಲ್ವಲ್ಲಪ್ಪಾ," ಎಂದಳು. "ಯಾರೂ ಇಳೀಲೇ ಇಲ್ವಾ?"



"ಅವನನ್ನ ಕೇಳಬೇಡಮ್ಮ," ಎಂದಳು ಅಕ್ಕ. "ಅವನು ಇಳಿಯೋಕೆ ಹೋದ. ಏಣಿ ಎಳೆದವಳು ನಾನು."

ಆಕೆ ಅಕ್ಕನ ಮುಖವನ್ನೇ ನೋಡಿದಳು. "ನಿಮ್ಮಪ್ಪ ಇದ್ದಿದ್ರೆ ಇಳೀತಿದ್ರು, ಅಲ್ವಾ?"

"ಹೂಂ, ಇಳೀತಿದ್ರು," ಎಂದಳು ಅಕ್ಕ. ತಮ್ಮನ ತೋಳನ್ನು ಮಾತ್ರ ಬಿಡಲಿಲ್ಲ.