ಪಟ್ಟಾಭಿಷೇಕದ ಬೆಣ್ಣೆ

ಮೂರನೆಯ ಬೆಣ್ಣೆ ಗಡಿಗೆಯೂ ಮಹಾರಾಣಿಯ ಕೋಣೆಯೊಳಗೆ ಹೋದಾಗ ಮಂತ್ರಿ ವ್ಲಾತ್ಕೊ ಬೆವರತೊಡಗಿದ.

ಪಟ್ಟಾಭಿಷೇಕಕ್ಕೆ ಇನ್ನು ಒಂದೇ ಗಂಟೆ. ಗೊರ್ನಿಕಾ ರಾಜ್ಯದ ಅಷ್ಟೂ ಕಣಿವೆಗಳ ಜನ ಬಂದು ಚರ್ಚಿನ ಮುಂದೆ ನಿಂತಿದ್ದರು. ಹದಿನೆಂಟು ತುಂಬಿದ ಯುವರಾಜ ರಾದೊಸ್ಲಾವ್ ಬಿಳಿ ನಿಲುವಂಗಿ ತೊಟ್ಟು ಸಿದ್ಧನಾಗಿದ್ದ. ಕಿರೀಟ ಮಾತ್ರ ಬಂದಿರಲಿಲ್ಲ. ಅದನ್ನು ತರಲು ಹೋದ ಬಿಷಪ್ ಯೊವಾನಿಕಿಯೂ ಬಂದಿರಲಿಲ್ಲ. ಕಿರೀಟವೂ ಬಿಷಪ್ಪರೂ ಮಹಾರಾಣಿ ಯೆಲಿಸಾವಾಳ ಕೋಣೆಯಲ್ಲಿದ್ದರು. ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು.

ಹನ್ನೆರಡು ವರ್ಷದ ಹಿಂದೆ ರಾಜ ಬೊಗೊಸಾವ್ ಪಂದ್ಯ ಕಟ್ಟಿ, ಬೇಯಿಸಿದ ಮೊಟ್ಟೆ ನಲವತ್ತು ತಿಂದು, ಪಂದ್ಯ ಗೆದ್ದು ತೀರಿಕೊಂಡಿದ್ದ. ಆಗ ಮಗನಿಗೆ ಆರು ವರ್ಷ. ಮಗ ದೊಡ್ಡವನಾಗುವವರೆಗೆ ರಾಜ್ಯ ನೋಡಿಕೊಳ್ಳುವ ಹೊಣೆ ಯೆಲಿಸಾವಾಳ ಹೆಗಲಿಗೆ ಬಿತ್ತು. ಕಡಲತೀರದಿಂದ ಬಂದ ಸೊಸೆ, ಆಸ್ಥಾನಕ್ಕೆ ಹಿಡಿಸಲಿಲ್ಲ. ಹೆಂಗಸಿನ ತಲೆಯನ್ನು ದೇವರು ಕಿರೀಟಕ್ಕೆಂದು ಮಾಡಿಲ್ಲ ಎಂದು ಬಿಷಪ್ ಭಾನುವಾರ ಭಾನುವಾರವೂ ಬೋಧಿಸಿದರು. ಅವಳು ಮುಂದಿನ ಸಾಲಿನಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡಳು. ಕಿರೀಟ ಮುಟ್ಟದೆಯೇ ಆಳಿದಳು. ಎರಡು ಸೇತುವೆ ಕಟ್ಟಿಸಿದಳು. ಹುಲ್ಲುಗಾವಲಿಗಾಗಿ ನೆರೆರಾಜ್ಯದ ಜೊತೆ ನಡೆದಿದ್ದ ಯುದ್ಧವನ್ನು, ಎರಡೂ ಕಡೆಯ ಸೇನಾಪತಿಗಳನ್ನು ಒಂದು ವಾರ ಕುರಿ ಕಾಯಲು ಹಚ್ಚಿ ನಿಲ್ಲಿಸಿದಳು. ಸೇನಾಪತಿ ಸ್ತಾನೊಯೆ ಆ ವಾರವನ್ನು ಇನ್ನೂ ಮರೆತಿರಲಿಲ್ಲ.

ಅಂಥವಳು ಇವತ್ತು ಎಲ್ಲ ಬಿಟ್ಟುಕೊಡಬೇಕಿತ್ತು.

ಬೆಳಗ್ಗೆ ಬಿಷಪ್ ಒಬ್ಬರೇ ಅವಳ ಕೋಣೆಗೆ ಹೋಗಿದ್ದರು. ಅವಳು ಆಗ ಮಗನ ಕೋಣೆಯಲ್ಲಿ ಅವನ ನಿಲುವಂಗಿಯ ಗುಂಡಿ ಹಾಕುತ್ತಿದ್ದಳು. ಮುಗಿಸಿ ಕೋಣೆಗೆ ಮರಳಿದವಳು ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬೆಣ್ಣೆ ಬೇಕೆಂಬ ಅಪ್ಪಣೆ ಹೋಯಿತು. ಆಮೇಲೆ ಬಾತುಕೋಳಿಯ ಕೊಬ್ಬು. ಆಮೇಲೆ ಕಮ್ಮಾರ ಗೊಯ್ಕೊ, ಇಕ್ಕಳ ಸಮೇತ. ಗೊಯ್ಕೊ ಒಮ್ಮೆ ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದ. ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ಇನ್ನೂ ದೊಡ್ಡ ಇಕ್ಕಳ ತರಿಸಿಕೊಂಡು ಒಳಗೆ ಹೋದ.

ಒಳಗಿನಿಂದ ಗಂಡಸಿನ ನರಳಾಟ ಕೇಳಿಸತೊಡಗಿತು.

“ಬಿಷಪ್ಪರಿಗೆ ಹಿಂಸೆ ಕೊಡ್ತಿದ್ದಾಳೆ,” ಎಂದ ವ್ಲಾತ್ಕೊ. “ಪಟ್ಟ ತನಗೇ ಕಟ್ಲಿ ಅಂತ.”

ಸ್ತಾನೊಯೆ ಯೋಚಿಸಿದ. “ಅದಕ್ಕೆ ಬೆಣ್ಣೆ ಯಾಕೆ?”

“ಅಭಿಷೇಕದ ಎಣ್ಣೆ ಚರ್ಚಲ್ಲಿ ಬೀಗದೊಳಗಿದೆಯಲ್ಲಪ್ಪ. ಬೆಣ್ಣೇಲೇ ಮುಗಿಸ್ತಾಳೆ.”

ಸೇನಾಪತಿಗೆ ಅದು ಸರಿಯೆನಿಸಿತು. ಅವನು ಸೈನಿಕರನ್ನು ಕರೆಸಿದ. ವ್ಲಾತ್ಕೊ ಬಾಗಿಲು ತಟ್ಟಿ, ಬಿಷಪ್ಪರು ಎಲ್ಲಿದ್ದಾರೆಂದು ಕೇಳಿದ.

“ಇಲ್ಲೇ ಇದ್ದಾರೆ ಮಂತ್ರಿಗಳೇ,” ಎಂದಿತು ಮಹಾರಾಣಿಯ ದನಿ. “ದೇವರನ್ನ ಕರೀತಿದ್ದಾರೆ. ಇಷ್ಟು ಮನಸ್ಸಿಟ್ಟು ಕರೆದದ್ದನ್ನ ನಾನಂತೂ ಕೇಳಿರಲಿಲ್ಲ.”

“ಕಿರೀಟ?”

“ಅದೂ ಇಲ್ಲೇ ಇದೆ. ಈಗ್ಲೇ ಕೊಡೋ ಹಾಗಿಲ್ಲ.”

ಇನ್ನೇನು ಸಾಕ್ಷಿ ಬೇಕು? ರಾಜದ್ರೋಹ ಮಾಡಿದ ರಾಣಿಯರಿಗೆ ಗೊರ್ನಿಕಾದಲ್ಲಿ ಒಂದೇ ಶಿಕ್ಷೆ: ಹಿಮದ ಗುಡ್ಡದ ಮೇಲಿನ ಸನ್ಯಾಸಿನಿಯರ ಮಠ, ಉಸಿರಿರುವವರೆಗೆ. ವ್ಲಾತ್ಕೊ ನಿಂತ ನಿಲುವಿನಲ್ಲೇ ಆಜ್ಞಾಪತ್ರ ಬರೆಸಿ ಯುವರಾಜನ ಮುಂದೆ ಹಿಡಿದ. ಅಧಿಕಾರದ ರುಚಿ ಹತ್ತಿದವರಿಗೆ ಮಗನೂ ಕಾಣಿಸುವುದಿಲ್ಲ ಎಂದು ಬುದ್ಧಿ ಹೇಳಿದ. ರಾದೊಸ್ಲಾವ್ ಲೇಖನಿ ತೆಗೆದುಕೊಂಡ. ಸಹಿ ಹಾಕಲು ಕೈ ಬರಲಿಲ್ಲ. ಲೇಖನಿ ಹಿಡಿದುಕೊಂಡೇ ಬಾಗಿಲ ಬಳಿ ಹೋಗಿ ಹಣೆ ಆನಿಸಿದ.

“ಅಮ್ಮಾ, ರಾಜ್ಯ ನಿನಗೆ ಬೇಕಿದ್ರೆ ನೀನೇ ಇಟ್ಕೋ. ನಂಗೇನೂ ಬೇಜಾರಿಲ್ಲ. ಅವರನ್ನ ಬಿಟ್ಬಿಡು. ಬಾಗಿಲು ತೆಗಿ.”

“ರಾಜ್ಯ ತಗೊಂಡು ನಾನೇನ್ ಮಾಡ್ಲಿ ಮಗಾ, ಸಾಕಾಗಿಹೋಗಿದೆ. ನಾನೊಬ್ಬರಿಗೆ ಮಾತು ಕೊಟ್ಟಿದ್ದೀನಿ. ನಿನಗೂ ಹೇಳೋ ಹಾಗಿಲ್ಲ. ನನ್ ಮೇಲೆ ನಂಬಿಕೆ ಇದ್ರೆ ಅರ್ಧ ಗಂಟೆ ಕಾಯಿ.”

ಅವನು ಆಜ್ಞಾಪತ್ರವನ್ನು ಹರಿದು ಮಂತ್ರಿಯ ಕೈಗಿಟ್ಟ. ಕಾಯುವುದೆಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. ಹೊಸ ನಿಲುವಂಗಿಗೆ ಧೂಳು ಹತ್ತಿತು.

ಕಾಲು ಗಂಟೆ ಕಾದಿದ್ದಿರಬೇಕು. ಅಷ್ಟರಲ್ಲಿ ಒಳಗೆ ಗೊಯ್ಕೊ “ಉಸಿರು ಬಿಗಿ ಹಿಡೀರಿ” ಎಂದದ್ದು ಕೇಳಿಸಿತು. ಅದರ ಬೆನ್ನಿಗೇ, ಹಂದಿ ಕೊಯ್ದಂಥ ಕೂಗು. ಹೊರಗೆ ನಿಂತ ಕುದುರೆಗಳು ಬೆದರಿದವು. ಚರ್ಚಿನ ಮುಂದೆ ಮುದುಕಿಯರು ಶಿಲುಬೆಯ ಗುರುತು ಮಾಡಿಕೊಂಡರು.

ಯುವರಾಜ ಎದ್ದು ಪಕ್ಕಕ್ಕೆ ಸರಿದ. ಕಣ್ಣಲ್ಲಿ ನೀರಿತ್ತು. ಸ್ತಾನೊಯೆ ಕೈಯೆತ್ತಿದ. ಎಂಟು ಜನ ಸೈನಿಕರು ಓಕ್ ಮರದ ದಿಮ್ಮಿ ಹೊತ್ತು ಓಡಿ ಬಂದರು. ಮೂರನೇ ಗುದ್ದಿಗೆ ಬಾಗಿಲು ಒಳಕ್ಕೆ ಬಿತ್ತು.

ಕತ್ತಿ ಹಿರಿದು ನುಗ್ಗಿದ ಸೇನಾಪತಿ ಮೊದಲು ಬೆಣ್ಣೆಯ ಮೇಲೆ ಜಾರಿ ಕುಳಿತ. ಮಹಾರಾಣಿ ಮೊಣಕೈವರೆಗೆ ಬೆಣ್ಣೆ ಮೆತ್ತಿಕೊಂಡು ನಿಂತಿದ್ದಳು. ತಲೆ ಬರಿದಾಗಿತ್ತು. “ಕ್ಷಮಿಸಿ, ಸ್ವಾಮಿ,” ಎಂದು ಮೆಲ್ಲಗೆ ಹೇಳಿದಳು. “ಯಾರಿಗೂ ಗೊತ್ತಾಗದ ಹಾಗೆ ನೋಡ್ಕೊಳ್ಳೋಣ ಅಂತಿದ್ದೆ.”

ಅವಳ ನಿಲುವುಗನ್ನಡಿಯ ಮುಂದೆ, ಹುಬ್ಬಿನವರೆಗೂ ಇಳಿದು ಕಚ್ಚಿಕೊಂಡ ಕಿರೀಟದ ಕೆಳಗೆ, ಗಡ್ಡದಿಂದ ಬಾತುಕೋಳಿಯ ಕೊಬ್ಬು ತೊಟ್ಟಿಕ್ಕಿಸುತ್ತ ಬಿಷಪ್ ಯೊವಾನಿಕಿ ಕುಳಿತಿದ್ದರು. ಯಾರ ಮುಖವನ್ನೂ ನೋಡದೆ ಅವರು ಹೇಳಿದರು: “ಒಂದೇ ಒಂದು ಸಲ ಹೇಗೆ ಕಾಣ್ತೀನಿ ನೋಡೋಣ ಅನ್ನಿಸ್ತು.”