ಕೈಬರಹದ ಸಂಚಿಕೆ

ಒಂದೂರಲ್ಲಿ ಕೆಟ್ಟು ನಿಂತ ಒಂದು ಮುದಿ ಕಾರಿತ್ತು. ಅಂಥ ಕಾರುಗಳ ಸುದ್ದಿ ಹೊತ್ತು ಅಂಚೆಯಲ್ಲಿ ಬರುವ, ಹಳೆಯ ಕಾರಿನವರ ಸಂಘದ ಪತ್ರಿಕೆಯೂ ಇತ್ತು. ೧೯೯೨ರಲ್ಲಿ ಪತ್ರಿಕೆ ನಿಂತಿತು. ಕಾರಿನ ಪಕ್ಕ ನಿಂತ ಹೆಂಡತಿ ಮೈಮುನಾಬಿಯ ಫೋಟೊ ಕಾರಿನ ಒಡೆಯ, ರಾಣೆಬೆನ್ನೂರಿನ ಇಸ್ಮಾಯಿಲಸಾಬನ ಕೈಯಲ್ಲೇ ಉಳಿಯಿತು. ಅದನ್ನು ಪತ್ರಿಕೆಯಲ್ಲಿ ಹಾಕಿಸುತ್ತೇನೆಂದು ಮದುವೆಯಾದ ವರ್ಷವೇ ಅವಳಿಗೆ ಮಾತು ಕೊಟ್ಟಿದ್ದ.

“ನಿಮ್ಮ ಕಾರು ಏಳೂದ್ರಾಗ ಪತ್ರಿಕೇನ ಮಲಗಿತು ನೋಡ್ರಿ,” ಮೈಮುನಾಬಿ ನಕ್ಕಳು. ಅವನು ನಗಲಿಲ್ಲ.

ಅಷ್ಟರಲ್ಲಿ ಸಂಘದ ಗೆಳೆಯ ಶೇಖಪ್ಪ ಬ್ಯಾಡಗಿಯಿಂದ ಬಂದ. ಚೀಲದಿಂದ ಹೊಲಿದ ಹಾಳೆಗಳ ಕಟ್ಟು ತೆಗೆದ. ಮೊದಲ ಪುಟದಲ್ಲಿ ತನ್ನ ಕಾರಿನ ಕಥೆಯನ್ನು ಕೈಯಾರೆ ಬರೆದಿದ್ದ.

“ಪೋಸ್ಟಮನ್ನನ ಹಾದಿ ಕಾಯೂ ಚಟ ಬಿಡವಲ್ದು, ಇಸ್ಮಾಯಿಲಣ್ಣ. ಇನ್ನ ನಾವ ಬರಿಯೋಣು. ನಿನ್ನ ಪುಟ ತುಂಬಿಸಿ ಹಾವೇರಿಯ ನಮ್ಮ ಸಂಘದವರಿಗೆ ಕಳಸು, ಅವರೂ ತಮ್ಮ ಪುಟ ಬರದು ಮುಂದ ಕಳಸ್ತಾರ.”

ಇಸ್ಮಾಯಿಲಸಾಬ ಎರಡನೆಯ ಪುಟಕ್ಕೆ ಅಂಟು ಹಚ್ಚಿದ. ಫೋಟೊ ಸೊಟ್ಟಗಾಗದಂತೆ ಮೈಮುನಾಬಿಯೇ ಅಂಗೈಯಿಂದ ಒತ್ತಿದಳು.